ಏಳು ನೀರಿನ ರೊಟ್ಟಿ

ವೈನಿ, ನನ್ನ ಅಣ್ಣನ ಹೆಂಡತಿ, ಮಡಕೆ ಬಗ್ಗಿಸಿದಳು. ನಾನು ಅದರ ಬಾಯಿಗೆ ಬಟ್ಟೆ ಹಿಡಿದೆ. ಹಳದಿ ನೀರು ಸೋರಿ ಬೂದಿಗುಂಡಿಯಲ್ಲಿ ಇಳಿಯಿತು. ಒಳಗೆ ಉಳಿದ ಈಚಲ ಕಾಯಿಯ ಹೋಳುಗಳನ್ನು ವೈನಿ ಕೈಯಾಡಿಸಿ ಮೇಲೆ ಕೆಳಗೆ ಮಾಡಿದಳು, ಹೊಸ ನೀರು ಹೊಯ್ದಳು, ಮಡಕೆಯ ಬಾಯಿ ಕಟ್ಟಿದಳು. ಹಿತ್ತಲ ಬಾಗಿಲಲ್ಲಿ ಅವ್ವ ನಿಂತು ನೋಡುತ್ತಿದ್ದಳು.

"ಆತು? ಒಂದ್ ಕೊಡ ನೀರು ಬೂದಿಗೆ ಕುಡಿಸಿದ್ರಿ," ಅಂದಳು ಅವ್ವ. "ಇವತ್ತ ನಳ ಬರೂದಿಲ್ಲ, ನಾಳೆನೂ ಬರೂದಿಲ್ಲ. ಬಾಯಾರಿದ್ರ ಆ ಕಾಯಿ ಹಿಂಡ್ಕೊಂಡು ಕುಡೀತೀರೇನ?"

ಹೊರಸಿನ ಮೇಲೆ ಮಲಗಿದ್ದ ಆಯಿ ಅಲ್ಲಿಂದಲೇ ದನಿ ತೆಗೆದಳು. ಆಯಿ ಅಂದರೆ ಅಪ್ಪನ ತಾಯಿ, ಉಡಚವ್ವ.

"ಶೇವಂತಿ, ಅಕೀನ ಯಾಕ ಬೈತಿ? ಬೈಯೂದಿದ್ರ ನನ್ನ ಬೈ. ಏಳು ದಿನ, ಏಳು ನೀರು. ಅದರಾಗ ಒಂದೂ ಬಿಡಂಗಿಲ್ಲ. ಬಿಟ್ರ ವಿಷ, ಬಿಡದಿದ್ರ ಹಿಟ್ಟು."

"ಮನ್ಯಾಗ ಜ್ವಾಳ ಇಲ್ಲೇನ್ರಿ ಅತ್ತಿ? ರೇಷನ್ನಿಂದು ಅರ್ಧ ಚೀಲ ಐತಿ."

"ಅದು ಜ್ವಾಳ ಅಲ್ಲವಾ, ಹಡಗದಾಗ ಬಂದ ಕೆಂಪು ಖಡಿ. ಬಡದ್ರ ಹರೀತೈತಿ, ತಿಂದ್ರ ಗಂಟಲದಾಗ ಕುಂದರತೈತಿ. ನಿಮಗ ಹಲ್ಲ ಅದಾವ, ಉಣ್ರಿ. ನನಗ ಎರಡು ದಿನ ಮೆತ್ತನ್ನ ರೊಟ್ಟಿ ಬೇಕು."

ಅವ್ವ ಒಳಗೆ ಹೋಗಿ ಕುಡಿಯುವ ನೀರಿನ ಹಂಡೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದ ಸದ್ದು ಕೇಳಿಸಿತು.

ಅದು ಅರವತ್ತಾರನೇ ಇಸವಿಯ ಬೇಸಿಗೆ. ನಮ್ಮ ಮನೆ ಕಮರಿಪೇಟೆಯ ಒಂದು ಸಣ್ಣ ಓಣಿಯಲ್ಲಿತ್ತು. ಓಣಿಯ ಬಾವಿ ಶಿವರಾತ್ರಿಗೇ ಬತ್ತಿತ್ತು. ನಳ ಮೂರು ದಿನಕ್ಕೊಮ್ಮೆ, ಅದೂ ಬಂದರೆ ಬಂತು. ನಮ್ಮ ಹಿತ್ತಲಲ್ಲಿ ಮಾತ್ರ ಒಂದು ಹಸಿರು ಇತ್ತು, ಗುಡ್ಡದೀಚಲ ಗಿಡ. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ರೈಲ್ವೆ ಸಾಹೇಬರ ಬಂಗಲೆಯಲ್ಲಿ ಮಾಲಿಯಾಗಿದ್ದರು. ಅಲ್ಲಿಯ ಗಿಡದ ಬುಡದಲ್ಲಿ ಒಡೆದಿದ್ದ ಉಳ್ಳಾಗಡ್ಡಿಯಷ್ಟು ಮರಿಯನ್ನು ಪಂಚೆಯ ತುದಿಯಲ್ಲಿ ಕಟ್ಟಿ ತಂದು ನೆಟ್ಟಿದ್ದರಂತೆ. ಈಗ ಅದು ಅಪ್ಪನಿಗಿಂತ ಎತ್ತರ. ನೋಡಿದರೆ ತೆಂಗಿನ ಜಾತಿ ಅನ್ನಬೇಕು, ಆದರೆ ತೆಂಗಲ್ಲ. ಮೈತುಂಬ ಹಳೇ ಗರಿ ಕಡಿದ ಗುರುತು, ನೆತ್ತಿಯ ಮೇಲೆ ಕೊಡೆಯ ಹಾಗೆ ಹೊಳೆಯುವ ಗರಿ. ನೀರು ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ.

ಓಣಿಯಲ್ಲಿ ಯಾರ ಮದುವೆಯಾದರೂ ಹಂದರದ ಬಾಗಿಲಿಗೆ ನಮ್ಮ ಗಿಡದ್ದೇ ಗರಿ. ಅದಕ್ಕೆ ಏನೂ ತೆಗೆದುಕೊಳ್ಳಬಾರದು ಅಂತ ಮುತ್ಯಾ ಹೇಳಿದ್ದರು. ಮದುವೆ ಮನೆಯವರು ಗಿಡದ ಬುಡಕ್ಕೆ ಒಂದು ಎಲೆ ಊಟ ಇಟ್ಟು ಹೋಗುತ್ತಿದ್ದರು. ಎಳೇ ಸುಳಿ ಪಲ್ಯಕ್ಕೆ, ಒಣಗಿದ ಗರಿ ಕಸಬರಿಗೆಗೆ. ಕಾಯಿಯ ಹಿಟ್ಟು ಮಾಡುವುದು ಆಯಿಗೆ ಮಾತ್ರ ಗೊತ್ತಿತ್ತು. ಅವಳ ತವರು ಕಲಘಟಗಿಯ ಆಚೆ, ಕಾಡಿನ ಅಂಚು. ಬರ ಬಿದ್ದಾಗ ಅಲ್ಲಿ ಇದೇ ಅನ್ನ.

ಅಣ್ಣ ಗಂಗಪ್ಪನಿಗೆ ಇದು ಸೇರುತ್ತಿರಲಿಲ್ಲ. ಅವನು ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನ. ಗಿಡದ ಸುತ್ತ ಕಲ್ಲು ಇಟ್ಟು ಸುಣ್ಣ ಬಳಿದವನು ಅವನೇ.

"ಸಾಹೇಬರ ಬಂಗಲೇದಾಗ ಇದು ಶೋಭಾಕ್ಕ ಇರತೈತಿ," ಅಂದ ಆವತ್ತು ಊಟಕ್ಕೆ ಕೂತಾಗ. "ನಮ್ಮನ್ಯಾಗ ಅಷ್ಟ ರೊಟ್ಟಿ ಆಗತೈತಿ. ನಮ್ಮ ಆಫೀಸಿನವರು ಕೇಳಿದ್ರ ಏನಂದಾರು?"

"ನಿಮ್ಮ ಆಫೀಸಿನವರನ್ನ ಯಾರ ಊಟಕ್ಕ ಕರದಾರೋ?" ಅಂದಳು ಆಯಿ. "ನಿಮ್ಮಪ್ಪ ಹುಟ್ಟಿದ ವರ್ಷ ಇದನ್ನ ಉಂಡ ಅವಗ ಹಾಲು ಕುಡಿಸೇನಿ. ಏನೋ ಹುಲಗ್ಯಾ, ಹೌದಿಲ್ಲ?"

ಅಪ್ಪ ರೈಲ್ವೆ ವರ್ಕಶಾಪಿನ ಸುತ್ತಿಗೆಯ ಸದ್ದಿಗೆ ಅರ್ಧ ಕಿವುಡನಾಗಿದ್ದ. ಬೇಕಾದ್ದು ಕೇಳಿಸುತ್ತಿತ್ತು. "ನೀ ಹೇಳಿದ್ರ ಹೌದು ಬೇ," ಅಂದು ಶೇಂಗಾ ಹಿಂಡಿಗೆ ಕೈ ಚಾಚಿದ.

ವೈನಿಯ ಹೆಸರು ಸತ್ಯವ್ವ. ಅವಳ ತವರೂ ಕಲಘಟಗಿಯ ಕಡೆಗೇ. ಆಯಿಯೇ ಹುಡುಕಿ ತಂದ ಸೊಸೆ. ಮದುವೆಯಾಗಿ ವರ್ಷ ಎರಡಾಗಿತ್ತು. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು, ಮನೆಯಲ್ಲೇ ಇರುವವಳು, ಹಾಗಾಗಿ ಅವಳ ಜೋಡಿ ನಾನೇ. ಆಯಿಗೆ ಹೋಳಿಹುಣ್ಣಿವೆಯ ಹೊತ್ತಿಗೆ ಜ್ವರ ಬಂದು ಕೈಕಾಲು ಸೋತಿದ್ದವು. ಅದಕ್ಕೇ ಈ ಸಲ ಕಾಯಿ ಒಡೆದು, ಹೋಳು ಮಾಡಿ, ಒಣಗಿಸಿ, ನೆನೆಹಾಕುವ ಕೆಲಸ ವೈನಿಗೆ ಬಂದಿತ್ತು. ಆಯಿ ಹೊರಸಿನ ಮೇಲಿಂದ ಹೇಳುವುದು, ವೈನಿ ಮಾಡುವುದು. ಇಬ್ಬರೂ ತಮ್ಮ ಊರಿನ ಹಳ್ಳ, ಕೆರೆ, ದನ ಕಾಯುವ ಹುಡುಗರ ಹೆಸರು ಹೇಳಿ ನಗುತ್ತಿದ್ದರು.

ನಾಲ್ಕನೆಯ ದಿನ ನಳ ಬಂತು. ನಾನೂ ವೈನಿಯೂ ಹನ್ನೊಂದು ಕೊಡ ತಂದೆವು. ಕಾಯಿಗೆ ನಾಲ್ಕನೆಯ ನೀರು ಬಿತ್ತು.

ಅವತ್ತೇ ಮಧ್ಯಾಹ್ನ ಎದುರುಮನೆಯ ಸಂಗವ್ವ ಬಂದಳು. ಅವಳ ಮಗಳ ಮದುವೆ ಮರುದಿನ. ಗರಿ ಕೇಳಲು ಬಂದವಳು ಗರಿ ಹಿಡಿದು ನಿಂತೇ ಇದ್ದಳು.

"ಇನ್ನ ಏನ ಬೇ ಸಂಗವ್ವಾ?" ಅಂದಳು ಅವ್ವ.

"ಹೆಂಗ ಕೇಳಲಿ ಶೇವಂತಕ್ಕಾ. ಬೀಗರು ಅರವತ್ತು ಮಂದಿ ಬರಾಕತ್ತಾರ. ನಮ್ಮ ಹಂಡೆದಾಗ ತಳ ಕಾಣಾಕತ್ತೈತಿ. ಮಂದಿ ಕಾಲಿಗೆ ನೀರು ಕೊಡದ ಹೆಂಗ ಒಳಗ ಕರೀಲಿ?"

ಅವ್ವ ತಂದಿಟ್ಟ ಕೊಡಗಳನ್ನು ಎಣಿಸಿದಳು. ಆಮೇಲೆ, "ಏಳು ಕೊಡ ತಗೊಂಡು ಹೋಗು. ಹೆಣ್ಣಿನ ಮದುವಿ, ಮಾನದ ಮಾತು," ಅಂದಳು.

ಸಂಗವ್ವನ ಕಣ್ಣಲ್ಲಿ ನೀರು ಬಂತು. ನಾನೇ ಕೊಡ ಹೊತ್ತು ಹಾಕಿ, ಕಡೆಯದನ್ನು ಅಲ್ಲೇ ಬಿಟ್ಟು ಬಂದೆ. ಸಂಜೆ ಅವ್ವ ಉಳಿದ ನೀರನ್ನೆಲ್ಲ ಹಂಡೆಗೆ ಸುರಿದು, ಮೇಲೆ ಮುಚ್ಚಳ ಇಟ್ಟು, ಮುಚ್ಚಳದ ಮೇಲೆ ಬೀಸುಕಲ್ಲಿನ ಮೇಲಿನ ಹೋಳು ಇಟ್ಟಳು.

ಐದನೆಯ ದಿನ ಬೆಳಿಗ್ಗೆ ವೈನಿ ತಂಬಿಗೆ ಹಿಡಿದು ಬಂದಳು. "ಅತ್ತಿ, ಕಾಯಿಗೆ..."

"ಕಲ್ಲು ಎತ್ತಬ್ಯಾಡ," ಅಂದಳು ಅವ್ವ.

"ಒಂದ್ ಕೊಡ ಬ್ಯಾಡ್ರಿ, ಅರ್ಧ ಕೊಡ್ರಿ. ಇವತ್ತಿಗೆ ಐದನೇದು."

"ನಿನ್ನ ಗಂಡ ಮಾರಿ ತೊಳಕೊಳ್ಳದ ಆಫೀಸಿಗೆ ಹೋಗ್ಯಾನ. ನಿಮ್ಮ ಮಾವ ಬೆವತು ಬಂದು ಒಂದು ತಂಬಗಿ ನೀರಾಗ ಜಳಕ ಮಾಡಾಕತ್ತಾರ. ಕಾಯಿಗೆ ಅರ್ಧ ಕೊಡ? ನಾಡದ ನಳ ಬರತೈತಿ, ಆಗ ಹಾಕೀಯಂತ."

"ಆಯಿಗೆ ಹೇಳ್ಲೇನ್ರಿ ಹಂಗಂತ?"

"ಹೇಳು. ಸೊಸಿ ನೀರು ಕೊಡಲಿಲ್ಲ ಅಂತ ಓಣಿಗೆಲ್ಲಾ ಕೇಳೂಹಂಗ ಒದರ್ಲಿ. ಹೇಳು ಹೋಗು."

ವೈನಿ ಹೇಳಲಿಲ್ಲ. ಮಡಕೆಯ ನೀರನ್ನು ತಪೇಲಿಗೆ ಬಸಿದಳು, ತುಸು ಹೊತ್ತು ತಿಳಿಯಾಗಲು ಬಿಟ್ಟಳು, ಅದೇ ನೀರನ್ನು ತಿರುಗಿ ಹೊಯ್ದಳು. ನಾನು ಬಟ್ಟೆ ಹಿಡಿದಿದ್ದೆ. ಅವಳು ನನ್ನ ಮುಖ ನೋಡಿದಳು. ನಾನು ಕೆಳಗೆ ನೋಡಿದೆ.

"ಐದಾತೇನ ಸತ್ಯಾ?" ಅಂತ ಆಯಿ ಹೊರಸಿನಿಂದ ಕೇಳಿದಳು.

"ಹೂಂ ಆಯಿ."

ಆರನೆಯ ದಿನವೂ ಹಾಗೇ ಆಯಿತು. ಏಳನೆಯ ದಿನ ನಳ ಬರಬೇಕಾಗಿತ್ತು, ಬರಲಿಲ್ಲ. ನಳದ ಮುಂದೆ ಕೊಡಗಳ ಸಾಲು ಸಂಜೆಯವರೆಗೂ ಹಾಗೇ ಇತ್ತು. ಕಾಯಿಗೆ ಮತ್ತೆ ಅದೇ ಹಳೇ ನೀರು ಬಿತ್ತು.

ಎಂಟನೆಯ ದಿನ ಬೆಳಿಗ್ಗೆ ಆಯಿ ಗೋಡೆ ಹಿಡಿದು ತಾನೇ ಹಿತ್ತಲಿಗೆ ಬಂದಳು. ಏಳು ನೀರು ಮುಗಿದ ಮೇಲೆ ಒಂದು ಹೋಳನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡುವುದು ಅವಳ ಪದ್ಧತಿ. ಚುರ್ ಅಂದರೆ ಇನ್ನೂ ನೀರು ಬೇಕು, ಸಪ್ಪಗಿದ್ದರೆ ಆಯಿತು. ಜ್ವರ ಬಂದು ಹೋದ ಮೇಲೆ ಆಯಿಗೆ ಉಪ್ಪು ಖಾರ ಏನೂ ಹತ್ತುತ್ತಿರಲಿಲ್ಲ. ಸಾರಿಗೆ ಉಪ್ಪಿಲ್ಲ, ಹಿಂಡಿಗೆ ಖಾರವಿಲ್ಲ ಅಂತ ತಿಂಗಳಿಂದ ಜಗಳ ತೆಗೆಯುತ್ತಿದ್ದಳು. ಅದು ನಮಗೆಲ್ಲ ಗೊತ್ತಿತ್ತು. ಆ ಗಳಿಗೆಗೆ ಬೇರೆ ಯಾರಿಗೂ ನೆನಪಾಗಲಿಲ್ಲ. ನನಗೆ ನೆನಪಾಯಿತು.

"ಸಪ್ಪಗ ಐತಿ," ಅಂದಳು ಆಯಿ. "ಹರವ್ರಿ ಬಿಸಲಿಗೆ."

"ಇನ್ನೆರಡು ದಿನ ಇರಲಿ ಆಯಿ," ಅಂದಳು ವೈನಿ.

"ಯಾಕ? ಏಳಾತಲ್ಲ?"

ಅವ್ವ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದಳು. ವೈನಿ ಅವ್ವನ ಕಡೆ ನೋಡಿದಳು. ಅವ್ವ ಮೊರದಲ್ಲಿಯ ಜೋಳದ ಹರಳು ಆರಿಸತೊಡಗಿದಳು.

"ಏಳಾತ್ರಿ," ಅಂದಳು ವೈನಿ.

ಹೋಳು ಮೂರು ದಿನ ಬಿಸಿಲಲ್ಲಿ ಒಣಗಿದವು. ಒರಳಲ್ಲಿ ಕುಟ್ಟಿ ಬೀಸಿದ ಹಿಟ್ಟು ನೋಡಲು ಚೆಂದವಿತ್ತು, ಬೆಳ್ಳಗೆ, ನುಣ್ಣಗೆ. ಈ ಹಿಟ್ಟಿಗೆ ಆಯಿಯ ತವರಿನವರದು ಒಂದು ಕಟ್ಟಳೆ ಇದೆ. ಮಾಡಿದವಳು ಮೊದಲ ರೊಟ್ಟಿ ಒಬ್ಬಳೇ ತಿನ್ನಬೇಕು. ಮನೆಯವರು ಒಂದು ಹಗಲು ಒಂದು ರಾತ್ರಿ ಕಾಯಬೇಕು. ಅವಳು ನೆಟ್ಟಗಿದ್ದರೆ ಉಳಿದವರು ಉಣ್ಣಬೇಕು.

ಬೆಳಿಗ್ಗೆ ವೈನಿ ರೊಟ್ಟಿ ಬಡಿದಳು. ಹಂಚಿನ ಮೇಲೆ ಅದು ಉಬ್ಬಿತು. ತೆಗೆದು ತನ್ನ ತಟ್ಟೆಗೇ ಹಾಕಿಕೊಂಡಳು.

"ಏ, ಅದು ನಂದು!" ಅಂದಳು ಆಯಿ.

"ಕಾಯಿಗೆ ನೀರು ಹಾಕಿದಾಕಿ ನಾನು. ಬೀಸಿದಾಕಿ ನಾನು. ಮೊದಲನೇ ರೊಟ್ಟಿ ನಂದರಿ ಆಯಿ."

"ನೀ ಇನ್ನ ಸಣ್ಣಾಕಿ. ನಿನ್ನ ಕೈಲೆ ಮಾಡಿಸಿದಾಕಿ ನಾನು. ತಾ ಇಲ್ಲಿ."

"ಇದೊಂದ ಸಲ ನನಗ ಬಿಡ್ರಿ. ನಿಮ್ಮ ಕಾಲಿಗೆ ಬೀಳತೇನಿ."

ಆಯಿ ನಕ್ಕಳು. "ನೋಡ್ರಿ ಹುಡುಗಿ ಆಸೇ! ಇಷ್ಟ ಹಸಿವಿ ಅಂದ್ರ ಏನರ ಇಶೇಷ ಐತೇನು?"

ವೈನಿ ತಟ್ಟೆಯನ್ನು ಎದೆಗೆ ಅವಚಿಕೊಂಡು ಒಂದು ಚೂರು ಮುರಿದು ಬಾಯಿಗಿಟ್ಟಳು, ಮತ್ತೊಂದು ಮುರಿದಳು. ಅವ್ವ ಬಂದು ತಟ್ಟೆ ಕಿತ್ತುಕೊಂಡು ಆಯಿಯ ಮುಂದೆ ಇಟ್ಟಳು. "ಹಿರ್ಯಾರ ಬಾಯಾಗಿಂದು ಕಸಗೊಳ್ಳಾಕ ನಾಚಿಕಿ ಆಗೂದಿಲ್ಲೇನ? ಅವರು ಎರಡು ವಾರದಿಂದ ಹಾದಿ ಕಾಯಾಕತ್ತಾರ," ಅಂದಳು. ಅವ್ವ ಆಯಿಯ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದಳು. ಇದನ್ನು ನಾನು ಹೇಳಲೇಬೇಕು.

ಆಯಿ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದಿ ಅದ್ದಿ ಪೂರಾ ತಿಂದಳು. "ನಮ್ಮವ್ವನ ಕೈ ರುಚಿ," ಅಂದಳು. ಅವಳಿಗೆ ಯಾವ ರುಚಿಯೂ ಹತ್ತುತ್ತಿರಲಿಲ್ಲ.

ನಾನು ಒಲೆಯ ಹತ್ತಿರ ಕೂತಿದ್ದೆ. ಮೂರು ನೀರು ಕಡಿಮೆಯಾದರೆ ಏನಾದೀತು ಅಂದುಕೊಂಡೆ. ಬಾಯಿ ತೆಗೆದರೆ ಅವ್ವ, ವೈನಿ, ಆಯಿ ಮೂವರಿಗೂ ಜಗಳ ಹತ್ತುತ್ತದೆ ಅಂದುಕೊಂಡೆ.

ಮಧ್ಯಾಹ್ನ ವೈನಿ ಹಿತ್ತಲಿಗೆ ಓಡಿ ಹೋಗಿ ಕಾರಿಕೊಂಡಳು. ಅವ್ವ ಓಡಿ ಹೋಗಿ ಬೆನ್ನು ಸವರಿದಳು. ಅಷ್ಟರಲ್ಲಿ ಸಂಗವ್ವ ತೊಳೆದ ಕೊಡ ವಾಪಸು ತಂದವಳು ನೋಡಿ, "ಏನ್ ಶೇವಂತಕ್ಕಾ, ಸಕ್ಕರಿ ಹಂಚೂದು ಯಾವಾಗ?" ಅಂದಳು.

ಅವ್ವನ ಮುಖ ಅರಳಿತು. "ಅತ್ತಿ ಮುಂಜಾನೆನ ಅಂದ್ರು ನೋಡು!" ಅಂತ ಒಳಗೆ ಬಂದವಳೇ ಹಂಡೆಯ ಮೇಲಿನ ಕಲ್ಲು ತೆಗೆದಳು. ಒಂದು ತುಂಬು ತಂಬಿಗೆ ನೀರು, ಒಂದು ತುಣುಕು ಬೆಲ್ಲ ತಂದು ವೈನಿಯ ಕೈಗೆ ಕೊಟ್ಟಳು. "ಕುಡಿ, ಪೂರಾ ಕುಡಿ. ನೀರಿನ ಚಿಂತಿ ಮಾಡಬ್ಯಾಡ."

ವೈನಿ ತಂಬಿಗೆ ಹಿಡಿದು ಅಳತೊಡಗಿದಳು. "ಅದಲ್ಲರಿ ಅತ್ತಿ, ಅದಲ್ಲ. ಆಯೀನ ನೋಡ್ರಿ ಮೊದಲ. ಆಯಿಗೆ ಹೆಂಗೈತಿ ಕೇಳ್ರಿ."

"ನಾ ಗಟ್ಟಿ ಅದೇನವಾ," ಅಂದಳು ಆಯಿ ಹೊರಸಿನಿಂದ. "ಹೊಟ್ಟಿ ತುಸು ಭಾರ ಆಗೇತಿ. ನೀ ಮಕ್ಕೋ. ಮರಿಮಗನ ಮಾರಿ ನೋಡಬೇಕು ನಾನು."

ಅವಳು ಗಟ್ಟಿ ಇರಲಿಲ್ಲ. ಸೊಸೆಯ ಶುಭ ಸುದ್ದಿಯ ದಿನ ತನ್ನ ಹೊಟ್ಟೆಯ ಮಾತು ಯಾಕೆ ಅಂತ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ಹೊರಳಿ ಮಲಗಿದ್ದಳು. ಬೆಳಗಾಗುವಷ್ಟರಲ್ಲಿ ಅವಳಿಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಹೊರಸಿನ ಕೆಳಗೆಲ್ಲ ಕಾರಿಕೊಂಡಿದ್ದಳು. ಅಪ್ಪ ಟಾಂಗಾ ತಂದ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಏನ್ ತಿಂದಿದ್ರು?"

ಅಣ್ಣ ತಲೆ ತಗ್ಗಿಸಿದ. ಅಪ್ಪನಿಗೆ ಕೇಳಿಸಲಿಲ್ಲ. ಅವ್ವ ಸೆರಗಿನ ತುದಿ ತಿರುವುತ್ತಿದ್ದಳು.

ವೈನಿ ಮುಂದೆ ಬಂದಳು. "ಈಚಲ ಕಾಯಿ ರೊಟ್ಟಿರಿ. ಏಳು ನೀರು ಹಾಕಬೇಕಾಗಿತ್ತು. ನಾಕ ಹಾಕೇನಿ. ಏಳು ಹಾಕೇನಿ ಅಂತ ಸುಳ್ಳು ಹೇಳೇನಿ."

ಅಷ್ಟೇ ಹೇಳಿದಳು. ಹಂಡೆಯ ಮಾತು, ಮುಚ್ಚಳದ ಮೇಲಿನ ಕಲ್ಲಿನ ಮಾತು ಎತ್ತಲಿಲ್ಲ. ಅವ್ವನ ಕಡೆ ತಿರುಗಿಯೂ ನೋಡಲಿಲ್ಲ. ಅವ್ವ ಏನಾದರೂ ಅಂದಾಳು ಅಂತ ನಾನು ಕಾದೆ. ಅವ್ವ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಆಯಿ ಮೂರನೆಯ ದಿನ ಮಧ್ಯಾಹ್ನ ತೀರಿಕೊಂಡಳು. ಕಡೆಗೆ ಒಮ್ಮೆ ಕಣ್ಣು ತೆರೆದು, "ಸತ್ಯಾ ಉಂಡಾಳೇನು?" ಅಂತ ಕೇಳಿದ್ದಳು.

ಹೆಣ ಕೂರಿಸಿದಾಗ ಹಿಂದೆ ಕಮಾನು ಕಟ್ಟಲು ಗರಿ ಬೇಕಾಯಿತು. ವೈನಿ ಕುಡುಗೋಲು ತೆಗೆದುಕೊಂಡು ಹಿತ್ತಲಿಗೆ ನಡೆದಳು.

"ನೀ ಮುಟ್ಟಬ್ಯಾಡ," ಅಂದ ಅಣ್ಣ.

ಅವನೇ ಕಡಿದ. ಎಷ್ಟು ಬೇಕೋ ಅಷ್ಟಲ್ಲ, ನೆತ್ತಿ ಬೋಳಾಗುವವರೆಗೂ ಎಲ್ಲ ಗರಿ. ಐದನೆಯ ದಿನ ಕೊಡಲಿ ತಂದು ಬೊಡ್ಡೆಯನ್ನೇ ಕೆಡವಿದ. ಅಪ್ಪ ಹೊರಗೆ ಬಂದು, "ನಮ್ಮಪ್ಪ ಪಂಚೇದಾಗ ಕಟಗೊಂಡು ತಂದ ಗಿಡ," ಅಂದು ಒಳಗೆ ಹೋದ. ಮೊಳಕಾಲೆತ್ತರದ ಮೋಟು ಉಳಿಯಿತು, ಸುತ್ತಲೂ ಸುಣ್ಣ ಬಳಿದ ಕಲ್ಲು.

ಆಮೇಲೆ ಮನೆಯಲ್ಲಿ ದೊಡ್ಡ ಜಗಳವೇನೂ ಆಗಲಿಲ್ಲ. ವೈನಿ ಕಸ ಗುಡಿಸುತ್ತಿದ್ದಳು, ಪಾತ್ರೆ ತಿಕ್ಕುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ಅಡಿಗೆಗೆ ಅವ್ವನೇ ನಿಂತಳು. ಕುಡಿಯುವ ನೀರಿನ ಹಂಡೆ ಮಾತ್ರ ವೈನಿ ಮುಟ್ಟುವಂತಿರಲಿಲ್ಲ. ನಳಕ್ಕೆ ನಾನೊಬ್ಬಳೇ ಹೋಗುತ್ತಿದ್ದೆ. ಅಣ್ಣ ಕಚೇರಿಯಿಂದ ಬಂದಾಗ ವೈನಿ ರೂಢಿಯಂತೆ ಬಳಕೆಯ ನೀರಿನ ತಂಬಿಗೆ ಹಿಡಿದು ನಿಂತರೆ ಅವನು ಪಕ್ಕದಿಂದ ಹಾದು ಹೋಗಿ ತಾನೇ ಹಂಡೆಯಿಂದ ಮೊಗೆದುಕೊಳ್ಳುತ್ತಿದ್ದ. ಅವಳು ತಂಬಿಗೆಯ ನೀರನ್ನು ಮೋಟಿನ ಬುಡಕ್ಕೆ ಹಾಕುತ್ತಿದ್ದಳು.

ಒಮ್ಮೆ ಅಣ್ಣನಿಗೆ ಅಂದಳು, "ಬೈರಿ. ಹೊಡೀರಿ ಬೇಕಾದ್ರ. ಹಿಂಗ ಸುಮ್ಮ ಇರಬ್ಯಾಡ್ರಿ."

"ಬೈದ್ರ ಆಯಿ ಬರತಾಳೇನ?" ಅಂದ ಅವನು.

ನನಗೆ ಒಮ್ಮೆ ಅಂದಳು, ಪಾತ್ರೆ ತಿಕ್ಕುತ್ತ, "ಸಾವಂತ್ರಿ, ನೀ ಏನೂ ಹೇಳಬ್ಯಾಡ. ನಾ ಹೋದ ಮ್ಯಾಲೂ ಅತ್ತಿ ಈ ಮನ್ಯಾಗ ಬಾಳಬೇಕು." ನಾನು ತಲೆ ಅಲ್ಲಾಡಿಸಿದೆ. ಹೇಳದೇ ಇರುವುದು ನನಗೆ ಸಲೀಸಾಗಿ ಬರುತ್ತಿತ್ತು.

ರೋಹಿಣಿ ಮಳೆ ಎರಡು ದಿನ ಸುರಿಯಿತು. ಓಣಿಯವರೆಲ್ಲ ಸೂರಿನ ಕೆಳಗೆ ಕೊಡ ಇಟ್ಟರು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಮೋಟಿನ ಪಕ್ಕದಿಂದ ಸುರುಳಿ ಸುತ್ತಿದ ಎಳೇ ಗರಿ ನಾಲ್ಕಾರು ಎದ್ದಿದ್ದವು. "ಹಾಳ ಗಿಡ, ಇದಕ್ಕ ಸಾವಿಲ್ಲ," ಅಂದಳು ಅವ್ವ. ಆದರೆ ಕೀಳಲಿಲ್ಲ.

ಅದೇ ವಾರ ಅಣ್ಣ ವೈನಿಯ ತವರಿಗೆ ಪತ್ರ ಬರೆದ. ಕರೆದುಕೊಂಡು ಹೋಗಿ ಅಂತ. ಎಷ್ಟು ದಿನಕ್ಕೆ ಅಂತ ಬರೆಯಲಿಲ್ಲ. ವೈನಿಯ ಅಪ್ಪ ರಾಮಪ್ಪ ಬಂದರು. ಕಟ್ಟೆಯ ಮೇಲೇ ಕೂತರು, ಒಳಗೆ ಬರಲಿಲ್ಲ. "ಬೀಗರ, ತಪ್ಪಾಗೇತಿ. ಹೊಟ್ಟಿಗೆ ಹಾಕ್ಕೊಳ್ರಿ," ಅಂದರು ಅಪ್ಪನಿಗೆ. ಅಪ್ಪ ಕೇಳಿಸದವನ ಹಾಗೆ ಮಳೆಯ ಮಾತು ತೆಗೆದ. ನಾನು ಅವರಿಗೆ ರೊಟ್ಟಿ, ಬದನೆಕಾಯಿ ಪಲ್ಯ ಕೊಟ್ಟೆ. ಅರ್ಧ ರೊಟ್ಟಿ ತಿಂದು ಕೈ ತೊಳೆದರು.

ವೈನಿ ಗಂಟು ಕಟ್ಟಿಕೊಂಡು ಹೊರಗೆ ಬಂದಳು. ಅವ್ವ ಒಲೆಯ ಮುಂದೆ, ಅಣ್ಣ ಕಂಬಕ್ಕೆ ಒರಗಿ, ಅಪ್ಪ ಬಾಗಿಲ ಹತ್ತಿರ. ಅವಳು ಗಂಟು ಕೆಳಗಿಟ್ಟು ಹಂಡೆಯ ಹತ್ತಿರ ಹೋದಳು. ಯಾರೂ ಬೇಡ ಅನ್ನಲಿಲ್ಲ. ಮಳೆ ಬಿದ್ದ ಮೇಲೆ ಹಂಡೆ ತುಂಬಿತ್ತು, ಮೇಲೆ ಕಲ್ಲು ಇರಲಿಲ್ಲ. ಒಂದು ತಂಬಿಗೆ ಮೊಗೆದು ತಂದು ಅಣ್ಣನ ಮುಂದೆ ಹಿಡಿದಳು. ಅವನು ಮುಖ ತಿರುಗಿಸಿದ. ಅಪ್ಪನ ಮುಂದೆ ಹಿಡಿದಳು. ಅಪ್ಪ ಪೇಟ ಸರಿಮಾಡಿಕೊಂಡ. ಅವ್ವನ ಮುಂದೆ ಹಿಡಿಯಲಿಲ್ಲ, ಅವ್ವನ ಹತ್ತಿರ ನೆಲದ ಮೇಲೆ ಇಟ್ಟು, ನಮಸ್ಕಾರ ಮಾಡಿ, ಗಂಟು ಎತ್ತಿಕೊಂಡಳು.

ನಾನು ಹೋಗಿ ಆ ತಂಬಿಗೆ ಎತ್ತಿದೆ. ಎಲ್ಲರೂ ನನ್ನ ಕಡೆ ನೋಡಿದರು. ಎತ್ತಿ ಅರ್ಧ ಕುಡಿದೆ. ಗಂಟಲಲ್ಲಿ ಇಳಿಯುವ ಸದ್ದು ನನಗೇ ಕೇಳಿಸಿತು.

"ಅಣ್ಣಾ, ಮೂರು ದಿನ ಹಳೇ ನೀರು ಹೊಯ್ಯುಮುಂದ ಬಟ್ಟಿ ಹಿಡಿದಾಕಿ ನಾನು," ಅಂದೆ. "ಆಯಿ ಉಣ್ಣುಮುಂದೂ ಇಲ್ಲೇ ಕುಂತಿದ್ದೆ. ವೈನಿ ನೀರು ಕೇಳಿದ್ಲು. ಹಂಡೆ ಮ್ಯಾಲ ಕಲ್ಲ ಇತ್ತು."

ಅಣ್ಣ ಅವ್ವನನ್ನು ನೋಡಿದ. ಅವ್ವ ಒಲೆಯ ಕಟ್ಟಿಗೆ ಮುಂದೆ ನೂಕಿದಳು. ಬಾಗಿಲಲ್ಲಿ ವೈನಿ ನಿಂತಳು, ತಿರುಗಲಿಲ್ಲ. ನಾನು ಅವ್ವನ ಮುಂದೆ ಕೂತು ತಂಬಿಗೆ ಚಾಚಿದೆ.

"ಅವ್ವಾ, ವೈನಿ ಕೊಟ್ಟ ನೀರೈತಿ. ಅಕಿ ನೋಡುವಂಗ ಒಂದ್ ಗುಟುಕು ಕುಡಿಯವಾ."